ಹೊಗೆಯಿಲ್ಲದ ಧೂಪ

ಕಳೆದ ವರ್ಷ ನವರಾತ್ರಿಗೆ ಒಂದು ವಾರ ಮೊದಲು ನಮ್ಮ ಮನೆಯ ದೇವರ ಗೂಡಿನಿಂದ ಊದುಬತ್ತಿ ಹೊರಗೆ ಹೋಯಿತು. ಅಮ್ಮನಿಗೆ ಉಬ್ಬಸ. ಮಳೆ ನಿಂತು ಚಳಿ ಶುರುವಾಗುವ ದಿನಗಳಲ್ಲಿ ಅದು ಜಾಸ್ತಿ. ಡಾಕ್ಟರು ಇನ್‌ಹೇಲರ್ ಬರೆದುಕೊಟ್ಟು, ಮನೆಯೊಳಗೆ ಯಾವ ಹೊಗೆಯೂ ಬೇಡ ಎಂದರು. ಸೌದೆ ಒಲೆ ಹೋಗಿ ಎಷ್ಟೋ ವರ್ಷವಾಗಿತ್ತು. ಉಳಿದಿದ್ದು ದಿನಕ್ಕೆರಡು ಊದುಬತ್ತಿ, ಶುಕ್ರವಾರದ ಸಾಂಬ್ರಾಣಿ. ಅಮ್ಮ ಔಷಧಿಯನ್ನು ಒಪ್ಪಿದಷ್ಟು ಸುಲಭವಾಗಿ ಇದನ್ನು ಒಪ್ಪಲಿಲ್ಲ. "ಹೊಗೆ ಇಲ್ದೆ ಶುಕ್ರವಾರ ಹೆಂಗಮ್ಮಾ ಆಗ್ತದೆ?" ಎಂದು ಕೇಳಿದಳು. ಹನ್ನೊಂದು, ಹನ್ನೆರಡನೆಯ ಶತಮಾನದ ಶಾಸ್ತ್ರಗ್ರಂಥಗಳಲ್ಲಿ ಮನೆವಾರ್ತೆಯ ವಿಷಯಗಳನ್ನು ಹುಡುಕುವುದೇ ನನ್ನ ಪಿಎಚ್‌ಡಿ ಕೆಲಸ. ಹೀಗಿದ್ದೂ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರದಂಥದ್ದು ಸಿಕ್ಕಿದ್ದು ಬೆಂಗಳೂರಿನ ಹಾಸ್ಟೆಲ್‌ನಲ್ಲಿ. ಗೆಳತಿಯೊಬ್ಬಳ ಮೇಜಿನ ಮೇಲೆ ಒಂದು ಪುಟ್ಟ ಬಟ್ಟಲು, ಅದರೊಳಗೆ ಕರಗಿದ ಮೇಣ, ಕೋಣೆಯ ತುಂಬ ದಾಲ್ಚಿನ್ನಿಯ ಪರಿಮಳ. ವ್ಯಾಕ್ಸ್ ಮೆಲ್ಟ್ ಎಂದಳು. ಬತ್ತಿಯಿಲ್ಲದ ಮೇಣದ ಬಿಲ್ಲೆ ಅದು. ಅದನ್ನು ಉರಿಸುವುದಿಲ್ಲ, ಬರೀ ಬಿಸಿ ಮಾಡುವುದು. ಪಶ್ಚಿಮದ ದೇಶಗಳಲ್ಲಿ ಎಲೆ ಉದುರುವ ಕಾಲಕ್ಕೆ ಇಂಥವನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರಂತೆ. ಲವಂಗ, ಜಾಯಿಕಾಯಿ, ದಾಲ್ಚಿನ್ನಿ ಅವರಿಗೆ ಶರತ್ಕಾಲದ ವಾಸನೆ. ನಮಗೆ ಅದು ಪಲಾವಿನ ವಾಸನೆ ಎಂದು ನಕ್ಕೆ. ನಕ್ಕರೂ, ಊರಿಗೆ ಹೋಗುವಾಗ ಅರ್ಧ ಕಿಲೋ ಜೇನುಮೇಣ ತೆಗೆದುಕೊಂಡೇ ಹೋದೆ.

ನಮ್ಮೂರು ಕ್ಯಾಸಂಬಳ್ಳಿ. ಹಿಂದೆ ಬಂಗಾರಪೇಟೆ ತಾಲ್ಲೂಕಿನಲ್ಲಿತ್ತು, ಈಗ ಕೆಜಿಎಫ್ ತಾಲ್ಲೂಕು. ಆಂಧ್ರದ ಗಡಿ ದೂರವಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಬಸ್ಸು ಹತ್ತಿ ರಾಬರ್ಟ್‌ಸನ್‌ಪೇಟೆಗೆ ಹೋದರೆ ತಮಿಳು. ನಾನು ತಂದ ಹಳದಿ ಗಟ್ಟಿಯನ್ನು ನೋಡಿ ಅಮ್ಮ "ಮೈನಂ" ಎಂದಳು, ತೆಲುಗಿನಲ್ಲಿ. ಕನ್ನಡದ ಮೇಣವೂ ತೆಲುಗಿನ ಮೈನವೂ ಒಂದೇ ಪದದಿಂದ ಬಂದವು. ಸಂಸ್ಕೃತದಲ್ಲಿ ಮದನ ಎಂದರೆ ಕಾಮದೇವ ಮಾತ್ರವಲ್ಲ, ಜೇನುಮೇಣ ಕೂಡ. ಅದು ಪ್ರಾಕೃತದಲ್ಲಿ ಮಯಣವಾಗಿ ನಮ್ಮಲ್ಲಿ ಮೇಣವಾಯಿತು. ಶಿವನ ಕಣ್ಣಿಗೆ ಸುಟ್ಟು ಬೂದಿಯಾದವನ ಹೆಸರು, ಬೆಂಕಿ ಹತ್ತಿರ ಬಂದರೆ ಕರಗುವ ವಸ್ತುವಿಗೂ ಇದೆ. ಅಮ್ಮನಿಗೆ ಇದನ್ನು ಹೇಳಿದೆ. "ಅಂದ್ರೆ ಈಗ ಮನ್ಮಥನ್ನ ಬಾಣಲೆಗೆ ಹಾಕ್ತೀಯಾ" ಎಂದಳು.

ಹೆಸರಿನ ವಿಷಯ ಬಂದಿದ್ದರಿಂದ ಊದುಬತ್ತಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಊದುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅರಬ್ಬಿಯಲ್ಲಿ ಊದ್ ಎಂದರೆ ಅಗರು ಮರದ ಕಟ್ಟಿಗೆ. ಅಸ್ಸಾಮಿನಲ್ಲೂ ಆಗ್ನೇಯ ಏಷ್ಯಾದ ಕಾಡುಗಳಲ್ಲೂ ಬೆಳೆಯುವ ಆ ಮರಕ್ಕೆ ಗಾಯವಾಗಿ ಬೂಷ್ಟು ಹತ್ತಿದಾಗ ಒಳಗಿನ ತಿರುಳು ಕಪ್ಪಾಗಿ ಪರಿಮಳ ಕಟ್ಟುತ್ತದೆ. ಅಗರಬತ್ತಿ ಎಂಬ ಇನ್ನೊಂದು ಹೆಸರೂ ಅದೇ ಮರದ್ದು. ಬತ್ತಿ ಎನ್ನುವುದು ಸಂಸ್ಕೃತದ ವರ್ತಿ. ಈಗ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಟ್ಟಿನಲ್ಲಿ ಅಗರಿನ ಚೂರೂ ಇರುವುದಿಲ್ಲ. ಎರಡು ಭಾಷೆಗಳ ಎರಡು ಹೆಸರುಗಳು ಸೇರಿ, ಇಲ್ಲದ ಒಂದು ಮರವನ್ನು ಹೊತ್ತುಕೊಂಡು ತಿರುಗುತ್ತಿವೆ.

ಇದು ನನಗೆ ಪುಸ್ತಕದಿಂದ ಮಾತ್ರ ಗೊತ್ತಾದ ವಿಷಯವಲ್ಲ. ನಾನು ಶಾಲೆಗೆ ಹೋಗುತ್ತಿದ್ದಾಗ ಅಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದಳು. ಒಬ್ಬ ಮೇಸ್ತ್ರಿ ಬಿದಿರಿನ ಕಡ್ಡಿ, ಇದ್ದಿಲ ಪುಡಿ, ಮರದ ಹೊಟ್ಟು, ಅಂಟಿಗೆ ಜಿಗಟಿನ ಪುಡಿ ತೂಕ ಮಾಡಿ ಕೊಟ್ಟು ಹೋಗುತ್ತಿದ್ದ. ಅಮ್ಮ ಅವನ್ನು ನೀರಲ್ಲಿ ಕಲಸಿ ರಾಗಿಮುದ್ದೆಯ ಹದಕ್ಕೆ ತಂದು, ಮಣೆಯ ಮೇಲೆ ಕಡ್ಡಿಯಿಟ್ಟು ಅಂಗೈಯಲ್ಲಿ ಒಂದೇ ಸಲ ಮುಂದಕ್ಕೆ ಉಜ್ಜುತ್ತಿದ್ದಳು. ಕಪ್ಪು ಹಿಟ್ಟು ಕಡ್ಡಿಯುದ್ದಕ್ಕೂ ಏರಿ ಕೂರುತ್ತಿತ್ತು. ಕೂಲಿ ಸಾವಿರದ ಲೆಕ್ಕ. ಮುರಿದದ್ದು, ಸೊಟ್ಟಗಾದದ್ದು ಲೆಕ್ಕಕ್ಕಿಲ್ಲ. ನಾನು ಬಿಸಿಲಿಗೆ ಹರಡುವುದು, ಮೋಡ ಕಂಡರೆ ಓಡಿಹೋಗಿ ಒಳಗೆ ತರುವುದು, ಎಣಿಸಿ ಕಟ್ಟುವುದು. ಆಶ್ವಯುಜ, ಕಾರ್ತಿಕದ ಜಡಿಮಳೆ ಹಿಡಿದರೆ ಬತ್ತಿ ಒಣಗುತ್ತಿರಲಿಲ್ಲ, ಆ ವಾರ ದುಡ್ಡಿಲ್ಲ. ಹಬ್ಬಗಳೆಲ್ಲ ಬರುವುದು ಅದೇ ತಿಂಗಳುಗಳಲ್ಲಿ.

ಆ ಬತ್ತಿಗಳಿಗೆ ವಾಸನೆಯೇ ಇರುತ್ತಿರಲಿಲ್ಲ. ಇದನ್ನು ಹೇಳಿದರೆ ನನ್ನ ಗೆಳತಿಯರು ನಂಬುವುದಿಲ್ಲ. ಮನೆಯಲ್ಲಿ ಹೊಸೆಯುವುದು ಹಸಿ ಬತ್ತಿ. ಅದು ಮೂಟೆಯಾಗಿ ಕಾರ್ಖಾನೆಗೆ ಹೋಗಿ, ಅಲ್ಲಿ ಸುಗಂಧದ ದ್ರಾವಣದಲ್ಲಿ ಅದ್ದಿಸಿಕೊಂಡ ಮೇಲೆ ಮಲ್ಲಿಗೆಯೋ ಗಂಧವೋ ಕೇದಗೆಯೋ ಆಗುತ್ತದೆ. ನಮ್ಮ ಮನೆಯಲ್ಲಿ ಸಾವಿರ ಸಾವಿರ ಬತ್ತಿಗಳಿದ್ದವು, ಇದ್ದ ವಾಸನೆ ಮಾತ್ರ ಇದ್ದಿಲಿನದು. ಶುಕ್ರವಾರ ಪೂಜೆಗೆ ಅಂಗಡಿಯಿಂದ ಒಂದು ಕಟ್ಟು ಕೊಂಡು ತರುತ್ತಿದ್ದೆವು.

ಹೀಗೆ ಹೊಸೆದವರ ಚರಿತ್ರೆ ಹುಡುಕುತ್ತ ಹೋದರೆ ಸಿಗುವುದು ಮೂಸಿದವರ ಚರಿತ್ರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ರಾಜನ ಭೋಗಗಳನ್ನು ವಿವರಿಸುವ ಭಾಗವಿದೆ. ಊಟ, ಉಡುಪು, ತಾಂಬೂಲ, ಲೇಪನಗಳ ಜೊತೆ ಧೂಪವೂ ಅಲ್ಲಿ ಒಂದು ಭೋಗ. ಕೆಂಡದ ಮೇಲೆ ಉದುರಿಸುವ ಪುಡಿ, ಉಂಡೆ, ಬತ್ತಿ ಎಂದು ಧೂಪದ ಮೂರು ರೂಪಗಳನ್ನು ಅವನು ಹೇಳುತ್ತಾನೆ. ಅಮ್ಮ ಹೊಸೆದ ಬತ್ತಿಯ ಪೂರ್ವಜ ಅಲ್ಲಿ, ರಾಜನ ಅರಮನೆಯಲ್ಲಿ, ಹೆಸರು ಸಮೇತ ಸಿಗುತ್ತಾನೆ. ಅದಕ್ಕೂ ನೂರು ವರ್ಷ ಮೊದಲು ಅದೇ ಚಾಲುಕ್ಯರ ಆಶ್ರಯದಲ್ಲಿ ಚಾವುಂಡರಾಯ ಕನ್ನಡದಲ್ಲೇ ಬರೆದ 'ಲೋಕೋಪಕಾರ'ದಲ್ಲಿ ನೀರು ಹುಡುಕುವುದು, ಗಿಡಮರಗಳ ಆರೈಕೆ, ಅಡುಗೆ ಇವುಗಳ ಜೊತೆಗೇ ಸುಗಂಧದ್ರವ್ಯ ತಯಾರಿಸುವುದಕ್ಕೂ ಒಂದು ಅಧ್ಯಾಯ ಮೀಸಲಾಗಿದೆ. ಬಾವಿ ತೋಡುವುದೂ ಪರಿಮಳ ಬೆರೆಸುವುದೂ ಒಂದೇ ಪುಸ್ತಕದಲ್ಲಿರುವುದು ನನಗೆ ಬಹಳ ಇಷ್ಟ. ಲೋಕಕ್ಕೆ ಉಪಕಾರವಾಗುವ ವಿದ್ಯೆಗಳ ಸಾಲಿನಲ್ಲಿ ಪರಿಮಳವನ್ನು ಇಡಬೇಕೆಂದು ಆತನಿಗೆ ತೋಚಿತ್ತು.

ಇನ್ನೂ ಹಿಂದಕ್ಕೆ ಹೋದರೆ ಆರನೆಯ ಶತಮಾನದ ವರಾಹಮಿಹಿರ. 'ಬೃಹತ್ಸಂಹಿತೆ'ಯ ಗಂಧಯುಕ್ತಿ ಅಧ್ಯಾಯದಲ್ಲಿ ಆತ ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ 1820 ಜೋಡಣೆಗಳು ಬರುತ್ತವೆ ಎಂದು ಲೆಕ್ಕ ಕೊಡುತ್ತಾನೆ. ಪ್ರಮಾಣಗಳನ್ನು ಅದಲುಬದಲು ಮಾಡುತ್ತ ಹೋದರೆ ಒಟ್ಟು 1,74,720 ಪರಿಮಳಗಳು. ಗಣಿತದ ಚರಿತ್ರೆ ಬರೆಯುವವರು ಇದನ್ನು ಸಂಯೋಜನೆಯ ಲೆಕ್ಕಕ್ಕೆ ಹಳೆಯ ಉದಾಹರಣೆಯೆಂದು ಉಲ್ಲೇಖಿಸುತ್ತಾರೆ. ಆ ದ್ರವ್ಯಗಳಲ್ಲಿ ನಖ ಎಂಬುದೊಂದಿದೆ. ಅದು ಸಮುದ್ರದ ಶಂಖದ ಹುಳುವಿನ ಬಾಯಿಮುಚ್ಚಳ. ಹಾಗೇ ಸುಟ್ಟರೆ ಕೆಟ್ಟ ನಾತ. ಶುದ್ಧಿ ಮಾಡಿ ಬೇರೆಯದರ ಜೊತೆ ಸೇರಿಸಿದರೆ ಇಡೀ ಧೂಪಕ್ಕೆ ಆಳ ಬರುತ್ತದೆಂದು ಆ ಕಾಲದವರು ಕಂಡುಕೊಂಡಿದ್ದರು.

ಈ ಗ್ರಂಥಗಳಲ್ಲಿ ಎಲ್ಲವೂ ಇದೆ, ಅರೆದವರು ಇಲ್ಲ. ಅರೆಯಬೇಕು, ಕಲಸಬೇಕು, ನೆನೆಸಬೇಕು ಎಂಬ ಕ್ರಿಯಾಪದಗಳಿಗೆ ಕರ್ತೃವೇ ಕಾಣುವುದಿಲ್ಲ. ಅರೆದ ಕೈ ಒಂದು ಸಲ ಕಾಣಿಸುವುದು ಶಾಸ್ತ್ರದಲ್ಲಲ್ಲ, ಕಾವ್ಯದಲ್ಲಿ. ಮಹಾಭಾರತದ ವಿರಾಟಪರ್ವದಲ್ಲಿ ದ್ರೌಪದಿ ಸೈರಂಧ್ರಿಯಾಗಿ ಅರಮನೆಗೆ ಗಂಧ ಅರೆಯುತ್ತಾಳೆ. ಕೀಚಕನ ಕಾಟ ತಾಳಲಾರದೆ ರಾತ್ರಿ ಅಡುಗೆಮನೆಗೆ ಬಂದು ಭೀಮನ ಮುಂದೆ ತನ್ನ ಸಂಕಟ ತೋಡಿಕೊಳ್ಳುವಾಗ, ಅರೆದು ಅರೆದು ಒರಟಾದ ಅಂಗೈಗಳನ್ನು ತೋರಿಸುತ್ತಾಳೆ. ಭೀಮ ಆ ಕೈಗಳನ್ನು ಮುಖಕ್ಕೆ ಒತ್ತಿಕೊಂಡು ಅಳುತ್ತಾನೆ. ನಮ್ಮ ಸುಗಂಧದ ಚರಿತ್ರೆಯನ್ನು ಯಾರಾದರೂ ಪೂರ್ತಿಯಾಗಿ ಬರೆದರೆ ಈ ಪ್ರಸಂಗದಿಂದ ಶುರುಮಾಡಲಿ ಎಂದು ನನ್ನ ಆಸೆ.

ಈಗ ಮೇಣಕ್ಕೆ ಬರುತ್ತೇನೆ. 'ಮಾನಸೋಲ್ಲಾಸ'ದಲ್ಲಿ ಮೇಣವೂ ಇದೆ, ಬೇರೆ ಕಡೆ. ಜೇನುಮೇಣದಲ್ಲಿ ವಿಗ್ರಹ ಮಾಡಿ, ಮಣ್ಣು ಮೆತ್ತಿ, ಸುಟ್ಟು ಮೇಣವನ್ನು ಹೊರಗೆ ಹರಿಸಿ, ಆ ಟೊಳ್ಳಿಗೆ ಲೋಹ ಹೊಯ್ಯುವ ಕ್ರಮವನ್ನು ಸೋಮೇಶ್ವರ ವಿವರಿಸಿದ್ದಾನೆ. ಮೇಣದ ತೂಕಕ್ಕೆ ಬೆಳ್ಳಿಯಾದರೆ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು ಲೋಹ ಬೇಕೆಂಬ ಲೆಕ್ಕವೂ ಇದೆ. ಚಿನ್ನದ ಗಣಿಯ ಪಕ್ಕದಲ್ಲಿ ಬೆಳೆದವಳಿಗೆ ಈ ಲೆಕ್ಕ ನೆನಪಿನಲ್ಲಿ ಉಳಿಯುತ್ತದೆ.

ಬೆಳಕಿಗೆ ನಮ್ಮ ಕಡೆ ಮೇಣ ಬೇಕಿರಲಿಲ್ಲ. ಹೊಂಗೆ, ಹರಳೆಣ್ಣೆ ಇದ್ದವು. ಯುರೋಪಿನಲ್ಲಿ ಬಡವರ ಬತ್ತಿ ಪ್ರಾಣಿಗಳ ಕೊಬ್ಬಿನದು, ಚರ್ಚು ಮತ್ತು ಸಿರಿವಂತರ ಬತ್ತಿ ಜೇನುಮೇಣದ್ದು. 1880ರ ದಶಕದಿಂದ ಕೋಲಾರದ ಚಿನ್ನದ ಗಣಿಗೆ ಬಂದ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು ತಮ್ಮ ಊರಿನ ಗಣಿಗಳಲ್ಲಿ ಹಸಿ ಜೇಡಿಮಣ್ಣಿನ ಮುದ್ದೆಯಿಂದ ಟೋಪಿಗೆ ಬತ್ತಿ ಅಂಟಿಸಿಕೊಂಡು ಇಳಿಯುತ್ತಿದ್ದ ಜನ. 1830ರಲ್ಲಿ ಜರ್ಮನಿಯ ರೈಖೆನ್‌ಬಾಖ್ ಪ್ಯಾರಫಿನ್ ಎಂಬ ಹೊಸ ಮೇಣವನ್ನು ಬೇರ್ಪಡಿಸಿದ್ದ. ಮುಂದೆ ಅದು ಕಲ್ಲೆಣ್ಣೆಯಿಂದ ಹೇರಳವಾಗಿ ಸಿಗತೊಡಗಿ ಮೇಣಬತ್ತಿ ಅಗ್ಗವಾಯಿತು. ಅಸ್ಸಾಮಿನ ದಿಗ್ಬೋಯಿಯ ತೈಲ ಶುದ್ಧೀಕರಣ ಕಾರ್ಖಾನೆ 1901ರಲ್ಲಿ ಶುರುವಾಯಿತು. ಪ್ಯಾರಫಿನ್ ಮೇಣಕ್ಕೆ ಅದು ಹೆಸರಾಯಿತು. ಮರುವರ್ಷವೇ, 1902ರ ಜೂನ್ 30ರಂದು, ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ದೂರ ತಂತಿಯಲ್ಲಿ ಹರಿದು ಬಂದ ವಿದ್ಯುತ್ತು ಕೆಜಿಎಫ್ ತಲುಪಿತು. ಮೇಣ ಅಗ್ಗವಾದ ಕಾಲಕ್ಕೇ ಅದರ ಮುಖ್ಯ ಕೆಲಸವೂ ಕೈತಪ್ಪತೊಡಗಿತು ಎನ್ನಬಹುದು. ಬೆಳಕು ಕೊಡುವ ಜವಾಬ್ದಾರಿ ಹೋದ ಮೇಲೆ ಮೇಣಬತ್ತಿ ಹುಟ್ಟುಹಬ್ಬಕ್ಕೆ, ಪ್ರಾರ್ಥನೆಗೆ, ನವೆಂಬರ್ 2ರಂದು ಕೆಜಿಎಫ್‌ನ ಸ್ಮಶಾನಗಳಲ್ಲಿ ಸಮಾಧಿಗಳ ಮೇಲೆ ಸಾಲುಸಾಲಾಗಿ ಉರಿಯುವುದಕ್ಕೆ ಉಳಿಯಿತು. ಕೊನೆಗೆ ಬತ್ತಿಯನ್ನೂ ಕಳಚಿಕೊಂಡು ನನ್ನ ಗೆಳತಿಯ ಮೇಜಿಗೆ ಬಂತು.

ಹೀಗೆ ಒಂದು ಕಡೆ ಬೆಳಕು ಬಿಟ್ಟ ಮೇಣ, ಇನ್ನೊಂದು ಕಡೆ ಹೊಗೆ ಬಿಡಬೇಕಾದ ಧೂಪ. ಎರಡನ್ನೂ ನಮ್ಮ ಅಡುಗೆಮನೆಯಲ್ಲಿ ಕೂಡಿಸುವುದು ನನ್ನ ಯೋಜನೆ. ಹೊಗೆಯನ್ನು ಬಿಡಿಸುವುದು ಸುಲಭವಲ್ಲ. ಇಂಗ್ಲಿಷಿನ ಪರ್ಫ್ಯೂಮ್ ಪದದ ಲ್ಯಾಟಿನ್ ಮೂಲಕ್ಕೆ ಹೊಗೆಯ ಮೂಲಕ ಎಂದೇ ಅರ್ಥ. ಅದರೊಳಗಿನ ಫ್ಯೂಮ್ ಮತ್ತು ನಮ್ಮ ಧೂಮ ದೂರದ ದಾಯಾದಿಗಳು.

ಮೊದಲನೆಯ ಪ್ರಯತ್ನ ಸಾಂಬ್ರಾಣಿಯದು. ಅಮ್ಮನಿಗೆ ಬೇಕಿದ್ದುದು ಅದೇ ಪರಿಮಳ. ಸಾಂಬ್ರಾಣಿಯೆಂದು ನಾವು ಕೊಳ್ಳುವುದರಲ್ಲಿ ಸುಮಾತ್ರಾ ಕಡೆಯ ಮರದ ಅಂಟೂ ಒಂದು. ಅರಬ್ ವ್ಯಾಪಾರಿಗಳು ಅದನ್ನು ಲುಬಾನ್ ಜಾವಿ, ಜಾವಾದ ಧೂಪ, ಎಂದರು. ನಮ್ಮ ಲೋಬಾನದ ಹೆಸರು ಅಲ್ಲಿಂದಲೇ. ಯುರೋಪಿನವರ ಬಾಯಲ್ಲಿ ಅದು ಬೆಂಜೋಯಿನ್ ಆಯಿತು. ಆ ಅಂಟಿನಿಂದ ತೆಗೆದ ಆಮ್ಲವನ್ನು 1833ರಲ್ಲಿ ಸುಣ್ಣದ ಜೊತೆ ಬಟ್ಟಿಯಿಳಿಸಿದಾಗ ಸಿಕ್ಕಿದ್ದಕ್ಕೆ ಬೆಂಜಿನ್ ಎಂಬ ಹೆಸರು ಬಂತು. ಪಿಯುಸಿಯಲ್ಲಿ ನಾವು ಬರೆದ ಬೆಂಜೀನಿನ ಷಟ್ಕೋನದೊಳಗೆ ಶುಕ್ರವಾರದ ಸಾಂಬ್ರಾಣಿ ಕೂತಿತ್ತು. ಇಷ್ಟೆಲ್ಲ ಗೊತ್ತಿದ್ದ ನಾನು ಸಾಂಬ್ರಾಣಿಯನ್ನು ಕುಟ್ಟಿ, ಜರಡಿ ಹಿಡಿದು, ಕರಗಿದ ಮೇಣಕ್ಕೆ ಸುರಿದೆ. ಅದು ಮೇಣದಲ್ಲಿ ಬೆರೆಯಲಿಲ್ಲ. ತಳಕ್ಕೆ ಹೋಗಿ ಗಟ್ಟಿಯಾಗಿ ಕೂತಿತು. ಬಿಸಿ ಮಾಡಿದರೆ ಮೇಲಿನ ಮೇಣ ಕರಗಿ ಜೇನಿನ ವಾಸನೆ ಮಾತ್ರ ಬರುತ್ತಿತ್ತು.

ಎರಡನೆಯದು ಸೇವಂತಿಗೆ. ಕೋಲಾರದ ಕಡೆ ಶರತ್ಕಾಲ ಎಂದರೆ ಸೇವಂತಿಗೆ ಮತ್ತು ಚೆಂಡುಹೂವು. ಎಸಳು ಬಿಡಿಸಿ ಬಿಸಿ ಮೇಣಕ್ಕೆ ಹಾಕಿದೆ. ಐದು ನಿಮಿಷದಲ್ಲಿ ಕಂದುಬಣ್ಣಕ್ಕೆ ತಿರುಗಿ, ಬೆಂದ ಸೊಪ್ಪಿನ ವಾಸನೆ ಬಂತು. ಅಲ್ಲದೆ ಅಚ್ಚಿಗೆಂದು ನಾನು ಬಳಸಿದ್ದು ಇಡ್ಲಿ ತಟ್ಟೆ. ಅಂಟಿಕೊಂಡ ಮೇಣ ಬಿಡಿಸಲು ಅಮ್ಮ ಬಿಸಿನೀರು ಹಾಕಿ ತಿಕ್ಕಿ, ಆಮೇಲೂ ಒಂದು ವಾರ ಇಡ್ಲಿ ಮಾಡಲಿಲ್ಲ. ಪೇಟೆಯಿಂದ ಗಂಧದ ಪರಿಮಳದ್ದೆಂದು ಒಂದು ಸಣ್ಣ ಸೀಸೆ ತಂದು ನಾಲ್ಕು ಹನಿ ಬೆರೆಸಿದ್ದು ಮೂರನೆಯ ತಪ್ಪು. ಹತ್ತು ನಿಮಿಷಕ್ಕೆ ಅಮ್ಮನಿಗೆ ಕೆಮ್ಮು ಬಂತು. ಹೊಗೆಯಿಲ್ಲದ್ದೆಲ್ಲ ಉಬ್ಬಸದವರಿಗೆ ಒಳ್ಳೆಯದು ಎಂದು ಅಂದುಕೊಂಡಿದ್ದು ನನ್ನ ಪೆದ್ದುತನ. ಕಿಟಕಿಗಳನ್ನೆಲ್ಲ ತೆಗೆದು ಬಟ್ಟಲನ್ನು ಹೊರಗಿಟ್ಟೆ. ಆ ರಾತ್ರಿ ಎಲ್ಲವನ್ನೂ ಬಿಟ್ಟುಬಿಡೋಣ ಎನಿಸಿತ್ತು.

ಬಿಡದಂತೆ ಮಾಡಿದ್ದು ಓದಿನಲ್ಲಿ ಸಿಕ್ಕ ಒಂದು ಮರ. ದಕ್ಷಿಣ ಕನ್ನಡ, ಉಡುಪಿ, ಘಟ್ಟದ ಕಾಡುಗಳಲ್ಲಿ ಧೂಪದ ಮರವಿದೆ. ಸಸ್ಯಶಾಸ್ತ್ರದಲ್ಲಿ ವಟೇರಿಯಾ ಇಂಡಿಕಾ. ಅದರ ತೊಗಟೆಯಿಂದ ಒಸರುವ ರಾಳ ಧೂಪಕ್ಕೆ. ಅದರ ಬೀಜವನ್ನು ಜಜ್ಜಿ ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಕೊಬ್ಬು ತಣ್ಣಗಾದಾಗ ಮೇಣದಂತೆ ಗಟ್ಟಿಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷರು ಅದನ್ನು ಮಲಬಾರ್ ಟ್ಯಾಲೋ ಎಂದು ಕರೆದು, ಬತ್ತಿ ಮಾಡಲು ಒಳ್ಳೆಯದೆಂದು ಬರೆದಿಟ್ಟರು. ಪರಿಮಳವೂ ಮೇಣವೂ ಒಂದೇ ಮರದಲ್ಲಿ. ಬಯಲುಸೀಮೆಯ ನಮಗೆ ಅದು ಸಿಗುವುದಿಲ್ಲ. ನಮ್ಮ ಸುತ್ತ ಇರುವುದು ನೀಲಗಿರಿ ತೋಪುಗಳು, ಆ ವಾಸನೆಯೂ ಅಮ್ಮನಿಗೆ ಆಗುವುದಿಲ್ಲ. ಆದರೆ ಆ ಮರ ಒಂದು ಉಪಾಯ ಕೊಟ್ಟಿತು. ಮೇಣಕ್ಕೆ ಎಣ್ಣೆ ಬೇಕು, ಪರಿಮಳವನ್ನು ಮೊದಲು ಎಣ್ಣೆಗೆ ಇಳಿಸಬೇಕು. ವರಾಹಮಿಹಿರನಲ್ಲೂ ಸಂಪಿಗೆಯ ಪರಿಮಳದ ಎಳ್ಳೆಣ್ಣೆ ಮಾಡುವ ಕ್ರಮವಿದೆ. ಓದಿದ್ದೆ, ಅಡುಗೆಮನೆಯಲ್ಲಿ ನೆನಪಾಗಿರಲಿಲ್ಲ.

ಐವತ್ತು ಗ್ರಾಂ ಕೊಬ್ಬರಿ ಎಣ್ಣೆಗೆ ಒಂದು ಹಿಡಿ ಲವಂಗ, ಎರಡು ತುಂಡು ಚಕ್ಕೆ ಜಜ್ಜಿ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಒಂದು ಗಂಟೆ ಕಾಯಿಸಿದೆ. ಎರಡು ದಿನ ಮುಚ್ಚಿಟ್ಟು ಸೋಸಿದೆ. ನೂರು ಗ್ರಾಂ ಜೇನುಮೇಣವನ್ನೂ ಹಾಗೇ ಬಿಸಿನೀರಿನ ಮೇಲೆ ಕರಗಿಸಿ ಎಣ್ಣೆ ಬೆರೆಸಿದೆ. ಮೇಣವನ್ನು ನೇರ ಉರಿಯ ಮೇಲೆ ಇಡಬಾರದು, ಹತ್ತಿಕೊಳ್ಳುತ್ತದೆ. ಅಚ್ಚಿನ ಸಮಸ್ಯೆ ಬಗೆಹರಿಸಿದ್ದು ಅಮ್ಮ. ಅಟ್ಟದಿಂದ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಮಣೆಗಳನ್ನು ಇಳಿಸಿ, "ಮೊದ್ಲು ನೀರಲ್ಲಿ ನೆನೆಹಾಕು, ಒಣಗಿದ ಮರಕ್ಕೆ ಹುಯ್ದ್ರೆ ಪಾಕನೂ ಬಿಡಲ್ಲ, ಮೈನನೂ ಬಿಡಲ್ಲ" ಎಂದಳು. ಅರ್ಧ ಗಂಟೆ ನೆನೆಸಿ, ಒರೆಸಿ, ದಾರ ಕಟ್ಟಿ ಹೊಯ್ದೆವು. ಗಿಣಿ, ಬೃಂದಾವನ, ಆನೆ, ಒಂದು ಮೂಗು ಮುರಿದ ಕೋಳಿ. ಯಾವುದೂ ಅಂಟಲಿಲ್ಲ.

ಕಾರ್ತಿಕದ ಮೊದಲ ಶುಕ್ರವಾರ ಮಳೆ ಹಿಡಿದಿತ್ತು. ಅಮ್ಮ ದೀಪ ಹಚ್ಚಿದಳು. ನಾನು ಪಕ್ಕದಲ್ಲಿ ಒಂದು ಚೊಂಬು ಕುದಿನೀರು ಇಟ್ಟು, ಅದರ ಬಾಯಿಗೆ ಹಿತ್ತಾಳೆಯ ಬಟ್ಟಲು ಕೂರಿಸಿ ಗಿಣಿಯನ್ನು ಇಟ್ಟೆ. ಕೊಕ್ಕು ಮೊದಲು ಹೋಯಿತು, ಆಮೇಲೆ ಬಾಲ. ಪರಿಮಳ ಮೆಲ್ಲಗೆ ಬಂತು, ಸಾಂಬ್ರಾಣಿಯಂತೆ ಮನೆಯನ್ನೆಲ್ಲ ತುಂಬಲಿಲ್ಲ, ದೇವರ ಗೂಡಿನಿಂದ ಎರಡು ಮಾರು ದೂರಕ್ಕೆ ಅಷ್ಟೆ. ಅಮ್ಮ ಬಗ್ಗಿ ಮೂಸಿದಳು. ನಾನು ಇನ್‌ಹೇಲರ್ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕಿದೆ. ಕೆಮ್ಮು ಬರಲಿಲ್ಲ.

"ಲವಂಗ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ದೇವ್ರಿಗೆ ತಲುಪುತ್ತೋ ಇಲ್ವೋ, ನನಗಂತೂ ತಲುಪ್ತು" ಎಂದಳು.

ಪೂಜೆ ಮುಗಿದ ಮೇಲೆ ಉಳಿದ ಅಚ್ಚುಗಳನ್ನು ಮೊರದಲ್ಲಿ ಹರಡಿ ಎಣಿಸತೊಡಗಿದಳು. ಬತ್ತಿ ಎಣಿಸುತ್ತಿದ್ದ ಹಾಗೇ, ತುಟಿ ಅಲುಗದಂತೆ, ಐದೈದರ ಗುಂಪು ಮಾಡುತ್ತ. ಮೂಗು ಮುರಿದ ಕೋಳಿಯನ್ನು ಪಕ್ಕಕ್ಕೆ ತೆಗೆದಿಟ್ಟಳು. "ಅದು ಲೆಕ್ಕಕ್ಕಿಲ್ವಾಮ್ಮ?" ಎಂದು ಕೇಳಿದೆ. ಅವಳು ಅದನ್ನು ಕೈಗೆತ್ತಿಕೊಂಡು ಒಮ್ಮೆ ನೋಡಿ, ಐದರ ಗುಂಪೊಂದರ ಜೊತೆ ಸೇರಿಸಿದಳು. ಅವರೆಕಾಯಿ ಕಾಲ ಬರಲಿ, ಆ ಸೊಗಡನ್ನು ಎಣ್ಣೆಗೆ ಇಳಿಸೋಕೆ ಆಗುತ್ತಾ ನೋಡು ಎಂದು ಹೇಳಿ ಒಳಗೆ ಹೋದಳು.